ನೀಡಲ್‌ಪಾಯಿಂಟ್ ಅಂಚು: ಮೂಲೆ ಮೊದಲು, ಹೊಲಿಗೆ ಆಮೇಲೆ

ನೀಡಲ್‌ಪಾಯಿಂಟ್ (ಜಾಲರಿಯಂಥ ಕ್ಯಾನ್ವಾಸ್ ಬಟ್ಟೆಯನ್ನು ದಾರದಿಂದ ಪೂರ್ತಿ ತುಂಬುವ ಕಸೂತಿ) ಚಿತ್ರ ಮುಗಿದಿದೆ, ಸುತ್ತ ಅಲಂಕಾರದ ಅಂಚಿಗೆ ಯಾವ ಹೊಲಿಗೆ ಚೆನ್ನ, ಮೂಲೆಗಳನ್ನು ಬಂದಾಗ ನೋಡಿಕೊಂಡರೆ ಆಗದೇ ಎಂದು ಕೇಳಿದ್ದೀರಿ. ಆ ಕೊನೆಯ ಮಾತು ಓದಿ ನನ್ನ ಎದೆ ಧಸಕ್ಕೆಂದಿತು. ನಾನೂ ಹಾಗೇ ಅಂದುಕೊಂಡು ಸೂಜಿ ಹಿಡಿದು ಕೂತವಳು.

ನನ್ನದು ಇಂಚಿಗೆ 13 ಎಳೆಯ ಕ್ಯಾನ್ವಾಸ್. ನಡುವೆ 10 ಇಂಚು ಚೌಕದ ಹೂವಿನ ಚಿತ್ರ, ಪೂರ್ತಿ ಟೆಂಟ್ ಸ್ಟಿಚ್ (ಅಡ್ಡ ಉದ್ದ ಎಳೆಗಳು ಕೂಡುವ ಒಂದೊಂದು ಜಾಗದ ಮೇಲೂ ಹಾಕುವ ಪುಟ್ಟ ಓರೆ ಹೊಲಿಗೆ), ನಾಲ್ಕು ತಿಂಗಳ ಕೆಲಸ. ಮುಗಿದ ಖುಷಿಯಲ್ಲೇ ಅಂಚಿಗೆ ಕೈ ಹಾಕಿದೆ. ಅಲೆಯಂಥ ಜಿಗ್‌ಜಾಗ್: ಮೂರೆಳೆ ಏರಿ, ಮೂರೆಳೆ ಇಳಿದು, ಆರೆಳೆಗೊಮ್ಮೆ ಮತ್ತೆ ಶುರು. ಟೇಪು ಹಿಡಿದು ಅಳೆದೆ, ಸರಿಯಾಗಿ 10 ಇಂಚು. ಮೇಲಿನ ಎಡ ಮೂಲೆಯಿಂದ ಹೊರಟೆ.

ತಪ್ಪಾದದ್ದು ಅಲ್ಲೇ. ಟೇಪು ಹೇಳುವುದು ಇಂಚಿನ ಲೆಕ್ಕ, ಹೊಲಿಗೆಗೆ ಬೇಕಾದದ್ದು ಎಳೆಯ ಲೆಕ್ಕ. 10 ಇಂಚು ಅಂದರೆ 130 ಎಳೆ. ಅದರಲ್ಲಿ ಆರೆಳೆಯ ಅಲೆ 21 ಹಿಡಿಸುತ್ತದೆ, ನಾಲ್ಕೆಳೆ ಉಳಿಯುತ್ತದೆ. ಮೊದಲ ಬದಿಯ ತುದಿಗೆ ಬಂದಾಗ ಅಲೆ ಇಳಿಯುತ್ತಾ ಇದ್ದಂತೆಯೇ ಜಾಗ ಮುಗಿಯಿತು. ನಾನು ನಿಲ್ಲಿಸಲಿಲ್ಲ. ಆ ಅಲೆಯನ್ನು ಒತ್ತರಿಸಿ ಮೂಲೆ ತಿರುಗಿಸಿದೆ. ಎರಡನೇ ಬದಿಯಲ್ಲೂ ಅದೇ, ಮೂರನೆಯದರಲ್ಲೂ ಅದೇ. ನಾಲ್ಕನೆಯದು ಹೊರಟ ಮೂಲೆಗೆ ಬಂದು ಸೇರುವಾಗ ಒಂದು ಕಡೆ ಏರು, ಇನ್ನೊಂದು ಕಡೆ ಇಳಿಜಾರಿನ ತುಂಡು. ನಾಲ್ಕು ಮೂಲೆ ನಾಲ್ಕು ಥರ. ಇಡೀ ಚಿತ್ರವೇ ವಾರೆಯಾದಂತೆ ಕಾಣುತ್ತಿತ್ತು.

ಎಲ್ಲ ಬಿಚ್ಚಿದೆ. ಬಿಚ್ಚುವಾಗ ಕತ್ತರಿ ತಾಗಿ ಕ್ಯಾನ್ವಾಸಿನದೇ ಒಂದು ಎಳೆ ತುಂಡಾಯಿತು. ಅದೇ ಕ್ಯಾನ್ವಾಸಿನ ಚಿಕ್ಕ ಚೂರನ್ನು ಹಿಂದೆ ಇಟ್ಟು, ಎಳೆಗೆ ಎಳೆ ಕೂಡಿಸಿ, ಎರಡನ್ನೂ ಸೇರಿಸಿ ಹೊಲಿದು ಉಳಿಸಿಕೊಂಡೆ. ಬಿಚ್ಚಿದ ಉಣ್ಣೆ ನಾರೆದ್ದು ಸವೆದಿತ್ತು, ಹೊಸದು ತಂದರೆ ಬೇರೆ ಡೈ ಲಾಟ್, ಅಂದರೆ ಬೇರೆ ಸಲ ಬಣ್ಣ ಹಾಕಿದ್ದು. ಲೇಬಲ್ ಮೇಲಿನ ಬಣ್ಣದ ನಂಬರ್ ಒಂದೇ ಇದ್ದರೂ ಪಕ್ಕಪಕ್ಕ ಇಟ್ಟಾಗ ನೀಲಿ ಬೇರೆಯೇ ಕಂಡಿತು.

ಪರಿಹಾರ ಎಷ್ಟು ಸಣ್ಣದಿತ್ತು ನೋಡಿ. ಚಿತ್ರದ ಸುತ್ತ ಟೆಂಟ್ ಸ್ಟಿಚ್ಚಿನ ಒಂದೇ ಒಂದು ಸಾಲು ಹಾಕಿದ್ದರೆ ಎರಡೂ ತುದಿಗೆ ಒಂದೊಂದು ಎಳೆ ಸೇರಿ 132 ಆಗುತ್ತಿತ್ತು, ಸರಿಯಾಗಿ 22 ಅಲೆ. ಎರಡನೇ ಸಲ ಮಾಡಿದ್ದು ಅದನ್ನೇ. ಆ ತೆಳು ಗೆರೆ ಚಿತ್ರವನ್ನೂ ಅಂಚನ್ನೂ ಬೇರೆ ಮಾಡಿ ಇನ್ನಷ್ಟು ಚೆನ್ನಾಗಿಯೂ ಕಾಣುತ್ತದೆ.

ಅದಕ್ಕೇ ಹೇಳುತ್ತೇನೆ, ಯಾವ ಹೊಲಿಗೆ ಎಂಬ ಪ್ರಶ್ನೆಯನ್ನೇ ಸದ್ಯಕ್ಕೆ ಬದಿಗಿಡಿ. ಚಿತ್ರದ ಎಳೆಗಳನ್ನು ಅಡ್ಡಕ್ಕೂ ಉದ್ದಕ್ಕೂ ಎಣಿಸಿ. ಹತ್ತತ್ತು ಎಳೆಗೆ ಬೇರೆ ಬಣ್ಣದ ಹೊಲಿಗೆ ದಾರದಿಂದ ಗುರುತು ಓಡಿಸಿದರೆ ಲೆಕ್ಕ ತಪ್ಪುವುದಿಲ್ಲ. ಒಂದು ಮೂಲೆಯನ್ನು ಗ್ರಾಫ್ ಹಾಳೆಯಲ್ಲಿ ಬರೆಯಿರಿ. ಬರೆದ ನಮೂನೆಯ ಮೇಲೆ ಚಿಕ್ಕ ಕನ್ನಡಿಯನ್ನು ನೆಟ್ಟಗೆ, ಆದರೆ ಅಂಚಿನ ಸಾಲಿಗೆ 45 ಡಿಗ್ರಿ ಓರೆಯಾಗಿ ನಿಲ್ಲಿಸಿದರೆ ಮೂಲೆ ತಿರುಗಿದ ಮೇಲೆ ಹೇಗಿರುತ್ತದೆಂದು ಕಣ್ಣೆದುರೇ ಕಾಣುತ್ತದೆ. ಹೊಲಿಯುವಾಗ ಬದಿಯ ನಡುವಿನಿಂದ ಹೊರಟು ಎರಡೂ ಮೂಲೆಯ ಕಡೆ ಹೋಗಿ. ಎಳೆ ಉಳಿದರೂ ಎರಡು ತುದಿಗೂ ಸಮನಾಗಿ ಉಳಿಯುತ್ತದೆ, ಇಲ್ಲವೇ ನಡುವೆ ಒಂದು ಪುಟ್ಟ ಹೂವಿಟ್ಟು ಆ ಉಳಿಕೆಯನ್ನು ಅದರಲ್ಲೇ ಮುಗಿಸಬಹುದು.

ಇನ್ನು ಹೊಲಿಗೆ. ಚಿತ್ರ ತುಂಬಿಕೊಂಡಿದ್ದರೆ ಅಂಚು ಸರಳವಾಗಿರಲಿ, ಎರಡು ಬಗೆಗಿಂತ ಹೆಚ್ಚು ಬೇಡ. ಮಾಡುತ್ತಿರುವುದು ದಿಂಬಾದರೆ ಉದ್ದುದ್ದ ಹೊಲಿಗೆಗಳು ಉಂಗುರಕ್ಕೂ ಗುಂಡಿಗೂ ಸಿಕ್ಕಿ ಎದ್ದು ಬರುತ್ತವೆ. ನಾನು ನಾಲ್ಕೆಳೆ ದಾಟುವುದಿಲ್ಲ.

ದಾರವನ್ನು ಒಂದೇ ಸಲಕ್ಕೆ, ಒಂದೇ ಡೈ ಲಾಟಿನದು ತನ್ನಿ. ಅಂಚು ಕಿರಿದೆಂದು ಕಣ್ಣು ಮೋಸಹೋಗುತ್ತದೆ. 10 ಇಂಚು ಚೌಕಕ್ಕೆ ಸುತ್ತ ಒಂದಿಂಚು ಅಂಚು ಹಾಕಿದರೆ ಅದೇ 44 ಚದರ ಇಂಚು, ಚಿತ್ರದ ಅರ್ಧಕ್ಕೆ ಸ್ವಲ್ಪ ಕಡಿಮೆ. ಅದರಾಚೆಗೆ ಮಡಿಸಿ ಹೊಲಿಯಲು ಎರಡಿಂಚು ಖಾಲಿ ಕ್ಯಾನ್ವಾಸ್ ಉಳಿಯದಿದ್ದರೆ ಅಂಚಿನ ಆಸೆಯನ್ನೇ ಬಿಡಿ.

ಎಣಿಸಿ ಎರಡೂ ಸಂಖ್ಯೆ ಇಲ್ಲಿ ಬರೆಯಿರಿ. ಎಷ್ಟು ಸಾಲು ಸೇರಿಸಬೇಕೆಂದು ನಾನೇ ಲೆಕ್ಕ ಹಾಕಿ ಹೇಳುತ್ತೇನೆ.