ಪಳಗಿದ ಕೈಗೂ ಬೋಧನಾ ತರಬೇತಿ ಬೇಕೆ?

ಮಾನ್ಯರೇ,

ವೃತ್ತಿ ಮತ್ತು ತಾಂತ್ರಿಕ ಶಿಕ್ಷಣದಲ್ಲಿ ವಯಸ್ಕರಿಗೆ ಕಲಿಸುವವರು ಬೋಧನೆಯಲ್ಲೂ ಅರ್ಹತೆ ಪಡೆಯಬೇಕೆಂದು ಹಿಂದಿನ ಸಂಚಿಕೆಯಲ್ಲಿ ಬಂದ ಲೇಖನವನ್ನು ಆಕ್ಷೇಪಿಸಿ ನೀವು ಬರೆದ ಪತ್ರ ತಲುಪಿದೆ. 22 ವರ್ಷ ವೆಲ್ಡಿಂಗ್ ಕೆಲಸ ಮಾಡಿ ಈಗ ಸಂಜೆ ತರಗತಿ ನಡೆಸುತ್ತಿರುವ ನೀವು, "ಕೆಲಸ ಬಲ್ಲವನಿಗೆ ಕಲಿಸುವುದು ತಾನಾಗಿ ಬರುತ್ತದೆ, ಈ ವಯಸ್ಸಿನಲ್ಲಿ ಇನ್ನೊಂದು ಸರ್ಟಿಫಿಕೇಟು ಯಾರ ಉಪಯೋಗಕ್ಕೆ?" ಎಂದು ಕೇಳಿದ್ದೀರಿ. ನಿಮ್ಮ ಮಾತಿನ ಮೊದಲರ್ಧವನ್ನು ನಾನು ಒಪ್ಪುವುದಿಲ್ಲ, ಉಳಿದರ್ಧದಲ್ಲಿ ನ್ಯಾಯವಿದೆ.

ನಿಮ್ಮ ಕಸುಬಿನಿಂದಲೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ಹೊಸದಾಗಿ ವೆಲ್ಡಿಂಗ್ ಕಡ್ಡಿಯ ಹೋಲ್ಡರ್ ಹಿಡಿದವನ ಕಣ್ಣು ಸಹಜವಾಗಿಯೇ, ಕಡ್ಡಿಗೂ ಲೋಹಕ್ಕೂ ನಡುವೆ ಉರಿಯುವ ವಿದ್ಯುತ್ ಕಿಡಿಯಾದ ಆರ್ಕ್‌ನ ಮೇಲೆ ನೆಟ್ಟಿರುತ್ತದೆ. ನುರಿತವರು ನೋಡುವುದು ಆರ್ಕ್‌ನ ಬೆನ್ನಿಗೇ ಕರಗಿ ನಿಂತ ಲೋಹದ ಅಗಲವನ್ನು. ಜೊತೆಗೆ ಸದ್ದು ಒಂದೇ ಸಮನಾಗಿದೆಯೇ ಎಂದು ಕಿವಿಗೊಟ್ಟಿರುತ್ತಾರೆ. ಇದು ನಿಮಗೆ ಎಷ್ಟು ರೂಢಿಯಾಗಿದೆಯೆಂದರೆ ಬಾಯಿಬಿಟ್ಟು ಹೇಳಬೇಕೆಂಬುದೇ ಹೊಳೆಯುವುದಿಲ್ಲ. "ಹೀಗೆ, ನೋಡಿ" ಎಂದು ತೋರಿಸುತ್ತೀರಿ. ಎದುರಿಗೆ ನಿಂತವನಿಗೆ ಎಡ ಬಲಗಳು ಅದಲುಬದಲಾಗಿ ಕಾಣುತ್ತವೆ. ಅವನು ತಪ್ಪಿದಾಗ ನೀವು ಹೋಲ್ಡರನ್ನು ಕೈಯಿಂದ ತೆಗೆದುಕೊಂಡು ಸರಿಪಡಿಸಿಬಿಡುತ್ತೀರಿ. ಕೆಲಸ ಚೆನ್ನಾಗಿ ಬರುವವರೇ ಹೀಗೆ ಮೆಟ್ಟಿಲುಗಳನ್ನು ನುಂಗಿಬಿಡುತ್ತಾರೆ ಎಂಬುದು ಈ ವಿಷಯದ ತಿರುಳು.

ಇದನ್ನು ಮೊದಲು ಕಂಡುಕೊಂಡವರು ಕಾಲೇಜಿನ ಪಂಡಿತರಷ್ಟೇ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಕೆಲಸ ತಿಳಿಯದ ಜನ ದೊಡ್ಡ ಸಂಖ್ಯೆಯಲ್ಲಿ ಬಂದು ಸೇರಿದಾಗ, ಅಲ್ಲಿನ ಮೇಸ್ತ್ರಿಗಳಿಗೆಂದೇ 10 ಗಂಟೆಗಳ ಒಂದು ತರಬೇತಿಯನ್ನು ರೂಪಿಸಲಾಯಿತು. ಕಲಿಯುವವನನ್ನು ಸಿದ್ಧಗೊಳಿಸುವುದು, ಕೆಲಸವನ್ನು ಬಿಡಿಸಿ ತೋರಿಸುವುದು, ಅವನ ಕೈಯಿಂದ ಮಾಡಿಸುವುದು, ಆಮೇಲೂ ಗಮನವಿಡುವುದು ಎಂಬ ನಾಲ್ಕೇ ಹಂತಗಳು. ಕೆಲಸಗಾರ ಕಲಿಯಲಿಲ್ಲವೆಂದರೆ ಬೋಧಕ ಕಲಿಸಲಿಲ್ಲವೆಂದೇ ಅರ್ಥ ಎಂಬುದು ಅದರ ಸೂತ್ರ. ಆ ಮೇಸ್ತ್ರಿಗಳೂ ನಿಮ್ಮಂತೆಯೇ ಕೆಲಸದಲ್ಲಿ ಪಳಗಿದವರಾಗಿದ್ದರು.

ಇನ್ನು ಸರ್ಟಿಫಿಕೇಟಿನ ವಿಷಯ. ಇಂಗ್ಲೆಂಡಿನಲ್ಲಿ 2007ರ ನಿಯಮಗಳು ವೃತ್ತಿ ಕಾಲೇಜುಗಳ ಬೋಧಕರಿಗೆ ಬೋಧನಾ ಅರ್ಹತೆಯನ್ನು ಕಡ್ಡಾಯ ಮಾಡಿ, ಪೂರ್ಣಾವಧಿ ಬೋಧಕರು ವರ್ಷಕ್ಕೆ 30 ಗಂಟೆಗಳನ್ನು ತಮ್ಮ ವೃತ್ತಿಯ ಬೆಳವಣಿಗೆಗೆ ಮೀಸಲಿಡಬೇಕೆಂದು ವಿಧಿಸಿದ್ದವು. 2013ರಲ್ಲಿ ಆ ಕಡ್ಡಾಯವನ್ನೇ ತೆಗೆದುಹಾಕಿ, ನಿರ್ಧಾರವನ್ನು ಕಾಲೇಜುಗಳಿಗೆ ಬಿಡಲಾಯಿತು. ಜರ್ಮನಿ ನಡೆದದ್ದು ತಿರುಗುಮುರುಗಾದ ದಾರಿ. ಉದ್ಯಮಗಳಲ್ಲಿ ಕಲಿಸುವವರಿಗಿದ್ದ ಅರ್ಹತಾ ಪರೀಕ್ಷೆಯ ಕಡ್ಡಾಯವನ್ನು, ತರಬೇತಿ ಸ್ಥಾನಗಳು ಹೆಚ್ಚಲೆಂದು 2003ರಲ್ಲಿ ಅಮಾನತಿನಲ್ಲಿಟ್ಟ ಆ ದೇಶ 2009ರಲ್ಲಿ ಅದನ್ನು ಮರಳಿ ತಂದಿತು. ಒಂದೇ ದಶಕದಲ್ಲಿ ಎರಡು ದೇಶಗಳು ವಿರುದ್ಧ ದಿಕ್ಕಿಗೆ ಹೊರಳಿದ್ದನ್ನು ನೋಡಿದರೆ, ಪ್ರಶ್ನೆ ನೀವು ಅಂದುಕೊಂಡಷ್ಟು ಸರಳವಲ್ಲ. ನಮ್ಮ ಲೇಖಕರು ಬರೆದಷ್ಟು ಸರಳವೂ ಅಲ್ಲ.

ನಿಮ್ಮ ಪತ್ರದಲ್ಲಿ ನನಗೆ ಚುರುಕು ಮುಟ್ಟಿಸಿದ್ದು ಬೇರೆಯೇ ಸಾಲು: ಗಂಟೆ ಲೆಕ್ಕದಲ್ಲಿ ಸಂಬಳ ಪಡೆಯುವ ನಿಮಗೆ ತರಬೇತಿಯ ಗಂಟೆಗಳಿಗೆ ಸಂಬಳವಿಲ್ಲ, ಶುಲ್ಕವನ್ನೂ ನೀವೇ ಕಟ್ಟಬೇಕು, ಮುಗಿಸಿದ ಮೇಲೂ ಹುದ್ದೆ ಖಾಯಂ ಆಗುವುದಿಲ್ಲ ಎಂದಿದ್ದೀರಿ. ಹೊಣೆಯನ್ನೆಲ್ಲ ಬೋಧಕನ ತಲೆಗೆ ಕಟ್ಟಿ ಸ್ಥಾನಮಾನವನ್ನು ಮಾತ್ರ ಕೊಡದ ಇಂಥ ಏರ್ಪಾಡಿಗೆ ವೃತ್ತಿಪರತೆಯೆಂಬ ಹೆಸರು ಒಪ್ಪುವುದಿಲ್ಲ, ಮತ್ತು ನಮ್ಮ ಲೇಖನ ಈ ಬಗ್ಗೆ ಒಂದು ಮಾತನ್ನೂ ಆಡದಿದ್ದುದು ಸಂಪಾದಕನಾಗಿ ನನ್ನ ಲೋಪ. ವಯಸ್ಕರಿಗೆ ಕಲಿಸುವವರಲ್ಲಿ ಅರೆಕಾಲಿಕರೇ ಹೆಚ್ಚಿರುವ ಕಡೆ ಈ ಮಾತನ್ನು ಬದಿಗಿಟ್ಟು ಅರ್ಹತೆಯನ್ನು ಚರ್ಚಿಸುವುದು ಅರ್ಧ ಚರ್ಚೆ.

ಆದ್ದರಿಂದ ಹೆಸರು ನೋಂದಾಯಿಸುವ ಮೊದಲು ಆ ತರಬೇತಿಯವರನ್ನು ಒಂದು ಮಾತು ಕೇಳಿ: ಯಾರಾದರೂ ನಿಮ್ಮ ವರ್ಕ್‌ಶಾಪಿಗೇ ಬಂದು, ನೀವು ಕಲಿಸುವುದನ್ನು ನೋಡಿ, ಕಂಡದ್ದನ್ನು ನಿಮ್ಮೊಡನೆ ಕೂತು ಮಾತನಾಡುತ್ತಾರೆಯೇ? ಅದಿಲ್ಲದೆ ಬರೀ ಕಲಿಕೆಯ ಸಿದ್ಧಾಂತಗಳ ಟಿಪ್ಪಣಿ ಬರೆಸುವ ತರಬೇತಿಯಾದರೆ ನಿಮ್ಮ ಅಸಮಾಧಾನಕ್ಕೆ ನನ್ನದೂ ದನಿ ಸೇರಿಸುತ್ತೇನೆ.

ಮೂರನೆಯ ವಾರಕ್ಕೇ ತರಗತಿ ಬಿಟ್ಟ ಇಬ್ಬರು ನಡುವಯಸ್ಕರ ಬಗ್ಗೆ "ಅವರಿಗೆ ಆಸಕ್ತಿ ಇರಲಿಲ್ಲ" ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದೀರಿ. ದಿನವಿಡೀ ದುಡಿದು ಸಂಜೆ ಬಂದು ಕೂತವರು ಆಸಕ್ತಿ ಇಲ್ಲದೆ ಎರಡು ವಾರ ಬಂದಿರಲಾರರು. ಮಕ್ಕಳಾದರೆ ತಿಳಿಯದ್ದನ್ನು ಕೇಳಿಬಿಡುತ್ತಾರೆ. ಆ ವಯಸ್ಸಿನವರು ತಮಗಿಂತ ಕಿರಿಯರ ಮುಂದೆ ಎರಡು ಬಾರಿ ತಪ್ಪಿದರೆ ಮೂರನೆಯ ಬಾರಿಗೆ ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾರೆ. ಸಾಧ್ಯವಾದರೆ ಅವರಲ್ಲೊಬ್ಬರಿಗೆ ಫೋನ್ ಮಾಡಿ, ಬಿಟ್ಟ ದಿನ ತರಗತಿಯಲ್ಲಿ ಏನು ನಡೆದಿತ್ತೆಂದು ಕೇಳಿ ನೋಡಿ. ಅವರ ಉತ್ತರವನ್ನು ನಮಗೆ ಬರೆದರೆ, ನಮ್ಮ ಲೇಖನವನ್ನು ಅದು ಸುಳ್ಳಾಗಿಸಿದರೂ, ಪ್ರಕಟಿಸುತ್ತೇವೆ.

— ಸಂಪಾದಕ