ಓದುಗರ ಪ್ರಶ್ನೆ: ಹಳೆಯ ಬೊಲೆರೊವನ್ನು ಕಚ್ಚಾ ದಾರಿಗೆ ಸಜ್ಜುಗೊಳಿಸುವುದು ಹೇಗೆ?

ಪ್ರಶ್ನೆ: ನನ್ನ ಬಳಿ 2012ರ ಬೊಲೆರೊ ಇದೆ. ಎಂಜಿನ್ನಿನ ಎಳೆತ ಹಿಂದಿನ ಗಾಲಿಗಳಿಗೆ ಮಾತ್ರ. ಕನಕಗಿರಿ, ಸಂಡೂರು ಕಡೆಯ ಕಚ್ಚಾ ದಾರಿಗಳಲ್ಲಿ ರಜೆಯ ದಿನ ಗೆಳೆಯರೊಂದಿಗೆ ಓಡಿಸಿ ಕಲಿಯಬೇಕೆಂದಿದ್ದೇನೆ. ಒಂದು ಲಕ್ಷ ರೂಪಾಯಿಯವರೆಗೆ ಖರ್ಚು ಮಾಡಬಲ್ಲೆ. ಗ್ಯಾರೇಜಿನವರು ಗಾಡಿಯ ದೇಹವನ್ನು ಎತ್ತರಿಸುವ ಲಿಫ್ಟ್ ಕಿಟ್, ದೊಡ್ಡ ಅಳತೆಯ ಎಟಿ (ಡಾಂಬರು, ಕಚ್ಚಾ ದಾರಿ ಎರಡಕ್ಕೂ ಹೊಂದುವ) ಟೈರು, ಕಬ್ಬಿಣದ ಬಂಪರು, ಮೇಲೊಂದು ಎಲ್‌ಇಡಿ ಪಟ್ಟಿ, ಸ್ನಾರ್ಕೆಲ್ ಎಲ್ಲವನ್ನೂ ಸೇರಿಸಿ ಲೆಕ್ಕ ಕೊಟ್ಟಿದ್ದಾರೆ. ಯಾವುದನ್ನು ಮೊದಲು ಹಾಕಿಸಲಿ?
– ಗಂಗಾವತಿಯ ಓದುಗರು

ಉತ್ತರ: ಆ ಪಟ್ಟಿಯಲ್ಲಿ ಟೈರೊಂದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಬಿಡಿ, ಟೈರನ್ನೂ ದೊಡ್ಡ ಅಳತೆಗೆ ಏರಿಸಬೇಡಿ. ಹಣದ ಮೊದಲ ಪಾಲು ಗಾಡಿಯಲ್ಲಿ ಈಗಾಗಲೇ ಇರುವ ಭಾಗಗಳಿಗೆ ಹೋಗಬೇಕು. ಇಷ್ಟು ಹಳೆಯದಾದ ಬೊಲೆರೊದಲ್ಲಿ ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಕಮಾನುಪಟ್ಟಿಯ (ಲೀಫ್ ಸ್ಪ್ರಿಂಗಿನ) ಬುಷ್, ಶಾಕ್ ಅಬ್ಸಾರ್ಬರ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಬ್ರೇಕಿನ ರಬ್ಬರ್ ಹೋಸ್ ಇವುಗಳಲ್ಲಿ ಒಂದೆರಡಾದರೂ ಸವೆದಿರುತ್ತವೆ. ಡಾಂಬರು ರಸ್ತೆಯಲ್ಲಿ ಬರೀ ಸದ್ದು ಮಾಡಿಕೊಂಡಿದ್ದ ಬಾಲ್ ಜಾಯಿಂಟು ಕಲ್ಲುದಾರಿಯಲ್ಲಿ ಕಳಚಿದರೆ ಮುಂದಿನ ಗಾಲಿಯೇ ಮಲಗುತ್ತದೆ. ಆದ್ದರಿಂದ ಗಾಡಿಯನ್ನು ಮೇಲೆತ್ತಿಸಿ, ನೀವೂ ಕೆಳಗೆ ನಿಂತು, ಪ್ರತಿಯೊಂದನ್ನೂ ಅಲುಗಾಡಿಸಿ ನೋಡಿ. ಗೇರ್ ಬಾಕ್ಸ್ ಹಾಗೂ ಹಿಂದಿನ ಹೌಸಿಂಗಿನ (ಹಿಂದಿನ ಎರಡು ಗಾಲಿಗಳ ನಡುವಣ ಅಚ್ಚಿನ ಕವಚದ) ಆಯಿಲ್ ಬದಲಿಸಿ. ಕ್ಲಚ್ ಪ್ಲೇಟು ಅರ್ಧ ಆಯುಷ್ಯ ಮುಗಿಸಿದ್ದರೆ ಈಗಲೇ ಬದಲಿಸುವುದು ಲೇಸು, ಏಕೆಂದರೆ ಕಲಿಯುವವರು ಎಲ್ಲಕ್ಕಿಂತ ಹೆಚ್ಚು ಸುಡುವುದು ಕ್ಲಚ್ಚನ್ನೇ.

ಲಿಫ್ಟ್ ಕಿಟ್ ಬೇಡವೆನ್ನಲು ಎರಡು ಕಾರಣಗಳಿವೆ. ಬೊಲೆರೊದ ಹಿಂಭಾಗದಲ್ಲಿ ನೆಲಕ್ಕೆ ಅತಿ ಸಮೀಪವಿರುವುದು ಹೌಸಿಂಗಿನ ನಡುವಣ ಗುಂಡಗಿನ ಭಾಗ. ಕಮಾನುಪಟ್ಟಿಗೆ ಅಡಿಕಟ್ಟು ಕೊಟ್ಟು ದೇಹವನ್ನು ಎಷ್ಟು ಎತ್ತಿದರೂ ಆ ಹೌಸಿಂಗು ಗಾಲಿಯ ಜೊತೆಗೇ ಉಳಿಯುವುದರಿಂದ ಒಂದು ಮಿಲಿಮೀಟರೂ ಏಳುವುದಿಲ್ಲ. ಎತ್ತರವಾಗುವುದು ಗಾಡಿಯ ಭಾರಕೇಂದ್ರ, ಅಂದರೆ ಪಕ್ಕಕ್ಕೆ ಮಗುಚುವ ಅಪಾಯ. ಮುಂದೆ ಬಾಲ್ ಜಾಯಿಂಟು, ಟೈ ರಾಡುಗಳ ಕೋನ ಕೆಟ್ಟು ಸ್ಟೀರಿಂಗು ಹಗುರಾಗುತ್ತದೆ, ಟೈರು ಒಂದೇ ಬದಿಗೆ ಸವೆಯುತ್ತದೆ. ಎರಡನೆಯದು ಕಾನೂನು. ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ, ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನೇ ಖಚಿತಪಡಿಸಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಮಾಲೀಕನಿಗೆ ಪ್ರತಿಯೊಂದು ಅಕ್ರಮ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸಜೆ ಅಥವಾ ಎರಡನ್ನೂ ವಿಧಿಸಬಹುದು. ಕಬ್ಬಿಣದ ಬಂಪರಿನ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ನಿಮ್ಮ ಗಾಡಿಗೆ 15 ವರ್ಷ ತುಂಬಿದಾಗ ನೋಂದಣಿಯನ್ನು ಐದು ವರ್ಷಕ್ಕೆ ನವೀಕರಿಸಲು ತಪಾಸಣೆಗೆ ಒಯ್ಯಲೇಬೇಕಾಗುತ್ತದೆ, ಆಗ ಹಾಕಿಸಿದ್ದನ್ನೆಲ್ಲ ಬಿಚ್ಚಿಸುವ ಖರ್ಚು ಬೇರೆ. ವಿಮೆಯವರಿಗೆ ತಿಳಿಸದ ಮಾರ್ಪಾಡು ಅಪಘಾತದ ಪರಿಹಾರಕ್ಕೂ ಅಡ್ಡ ಬಂದೀತು.

ಸ್ನಾರ್ಕೆಲ್ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಅದು ಎಂಜಿನ್ನು ಗಾಳಿ ಎಳೆಯುವ ಬಾಯಿಯನ್ನು ಮೇಲಕ್ಕೊಯ್ಯುತ್ತದೆಯೇ ಹೊರತು ಬಾಗಿಲಿನ ಸಂದು, ವೈರಿಂಗು, ಗಾಡಿಯನ್ನೇ ತೇಲಿಸುವ ನೀರಿನ ಸೆಳೆತ ಯಾವುದಕ್ಕೂ ಪರಿಹಾರವಲ್ಲ. ಹರಿಯುವ ಹಳ್ಳಕ್ಕೆ ಎರಡು ಗಾಲಿ ಎಳೆತದ ಗಾಡಿ ಇಳಿಸಬಾರದು. ಇಳಿಸದಿದ್ದ ಮೇಲೆ ಸ್ನಾರ್ಕೆಲ್ ಏಕೆ?

ಇನ್ನು ಟೈರು. ನಿಮ್ಮ ಗಾಡಿಯ ಅಳತೆ 215/75 ಆರ್15. ಅದನ್ನು 235/75ಕ್ಕೆ ಏರಿಸಿದರೆ ಟೈರಿನ ವ್ಯಾಸ 703 ಮಿ.ಮೀ.ನಿಂದ 733ಕ್ಕೆ ಹೋಗುತ್ತದೆ; ವ್ಯಾಸದ ಅರ್ಧ ಮಾತ್ರ ಕೆಳಗೆ ಸಿಗುವುದರಿಂದ ನೆಲದಿಂದ ದಕ್ಕುವ ಎತ್ತರ ಕೇವಲ 15 ಮಿ.ಮೀ. ಅಷ್ಟಕ್ಕಾಗಿ ಸ್ಪೀಡೋಮೀಟರು ನಾಲ್ಕು ಶೇಕಡಾದಷ್ಟು ಕಡಿಮೆ ತೋರಿಸುತ್ತದೆ, ಗೇರು ಅಷ್ಟೇ ಭಾರವಾಗುತ್ತದೆ, ಸ್ಟೀರಿಂಗು ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡಿಗೆ ತಾಗಲೂಬಹುದು. ಮೂಲ ಅಳತೆಯಲ್ಲಿಯೇ ಎಟಿ ಟೈರು ಕೊಳ್ಳಿರಿ, ಸ್ಟೆಪ್ನಿ ಸೇರಿಸಿ ಐದು. ನಿಮ್ಮ ಬಜೆಟ್ಟಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಇಲ್ಲಿಯೇ ಹೋದರೂ ಈ ಖರ್ಚಿಗೆ ನಾನು ಹಿಂಜರಿಯುವುದಿಲ್ಲ. ಆದರೆ ಟೈರಿನ ಶಕ್ತಿಯ ಬಗ್ಗೆ ಅತಿಯಾದ ನಂಬಿಕೆ ಬೇಡ, ಏಕೆಂದರೆ ನಮ್ಮ ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಗಳಲ್ಲಿ ಗಾಡಿ ಹೋಗುವುದೋ ಇಲ್ಲವೋ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ಮಣ್ಣು. ಮಸಾರಿ (ಕೆಂಪು ಮಣ್ಣು) ಮತ್ತು ಗರಸು (ಸಣ್ಣಕಲ್ಲಿನ) ನೆಲದಲ್ಲಿ ಮಳೆ ಬಿದ್ದ ಮರುದಿನವೂ ನಿಮ್ಮ ಬೊಲೆರೊ ನಿರಾತಂಕವಾಗಿ ಸಾಗೀತು. ಎರೆಮಣ್ಣಿನ ಸ್ವಭಾವವೇ ಬೇರೆ: ಅದರ ಜೇಡಿ ನೀರು ಕುಡಿದು ಉಬ್ಬುತ್ತದೆ, ಟೈರಿನ ಗೆರೆಗಳಲ್ಲಿ ಅಂಟಿ ಕೂರುತ್ತದೆ, ಹತ್ತು ಮಾರು ಹೋಗುವಷ್ಟರಲ್ಲಿ ಎಂಥ ಟೈರೂ ಬೋಳು ಟೈರಾಗುತ್ತದೆ. ಒಣಗಿದ ಎರೆ ಕಾಂಕ್ರೀಟಿನಷ್ಟು ಗಟ್ಟಿ, ಹಸಿಯಾದ ಎರೆಗೆ ಇಳಿಯದಿರುವುದೇ ಜಾಣತನ. ಆನೆಗೊಂದಿಯ ಸುತ್ತಿನ ಕಲ್ಲುದಾರಿಯಲ್ಲಿ ಭಯವಿರುವುದು ಟೈರಿನ ಪಕ್ಕದ ಗೋಡೆಗೆ, ಬಯಲಿನಲ್ಲಿ ಬಳ್ಳಾರಿ ಜಾಲಿಯ ಮುಳ್ಳಿನದೇ ಭಯ. ಮುಳ್ಳು ಟೈರಿನ ನೆಲ ಮುಟ್ಟುವ ಮೈಗೆ ಚುಚ್ಚಿದರೆ ಟ್ಯೂಬ್‌ಲೆಸ್ ಪಂಚರ್ ಕಿಟ್ಟಿನಿಂದ ನೀವೇ ಮುಚ್ಚಬಹುದು, ಪಕ್ಕದ ಗೋಡೆಗೆ ಚುಚ್ಚಿದರೆ ಆ ಉಪಾಯ ನಡೆಯದು.

ಮುಂದಿನ ಖರ್ಚು ಬ್ಯಾಟರಿಗೆ ನೇರವಾಗಿ ಕಚ್ಚಿಸುವ ಒಂದು ಒಳ್ಳೆಯ ಕಂಪ್ರೆಸರು ಮತ್ತು ಗಾಳಿ ಅಳೆಯುವ ಗೇಜು. ಉಸುಕಿನಲ್ಲಿ ಟೈರಿನ ಗಾಳಿಯನ್ನು 18–20 ಪಿಎಸ್‌ಐಗೆ ಇಳಿಸಿದರೆ ಟೈರು ನೆಲಕ್ಕೆ ಉದ್ದವಾಗಿ ಹರಡಿಕೊಂಡು ಗಾಡಿ ಹೂತುಕೊಳ್ಳುವುದು ತಪ್ಪುತ್ತದೆ. ಕಲ್ಲಿನಲ್ಲಿ 22–25 ಸಾಕು. 15ಕ್ಕಿಂತ ಕೆಳಗಿಳಿಸಿದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಜಾರೀತು. ಡಾಂಬರಿಗೆ ಮರಳುವ ಮುಂಚೆ ಮತ್ತೆ ತುಂಬಲೇಬೇಕು. ಗಾಳಿ ಕಡಿಮೆಯಾದ ಟೈರು ವೇಗದಲ್ಲಿ ಕಾದು ಒಡೆಯುತ್ತದೆ. ಇಷ್ಟು ಅಗ್ಗವಾಗಿ ಇಷ್ಟು ಉಪಕಾರ ಮಾಡುವ ಮಾರ್ಪಾಡು ಬೇರೊಂದಿಲ್ಲ, ಇದಕ್ಕೆ ಸಾರಿಗೆ ಕಚೇರಿಯ ಆಕ್ಷೇಪವೂ ಇಲ್ಲ. ಬಾಗಿಲ ಕೆಳಗಿನ ಫುಟ್‌ಬೋರ್ಡು ಹೊರಗಿನಿಂದ ಹಾಕಿಸಿದ್ದಾದರೆ ತೆಗೆಸಿಬಿಡಿ, ದಿಣ್ಣೆ ದಾಟುವಾಗ ಮೊದಲು ಬಡಿಯುವುದು ಅದು.

ದುಡ್ಡಿಲ್ಲದ ಒಂದು ಉಪಾಯವನ್ನೂ ಹೇಳುತ್ತೇನೆ. ಸಾಧಾರಣ ಡಿಫರೆನ್ಷಿಯಲ್ (ಎರಡು ಗಾಲಿಗಳಿಗೆ ಬಲ ಹಂಚುವ ಗೇರು) ಇರುವ ಗಾಡಿಯಲ್ಲಿ ಹಿಂದಿನ ಒಂದು ಗಾಲಿ ಹಿಡಿತ ತಪ್ಪಿ ಸುಮ್ಮನೆ ತಿರುಗತೊಡಗಿದರೆ ಇನ್ನೊಂದಕ್ಕೂ ಬಲ ಸಿಗದು. ಆಗ ಹ್ಯಾಂಡ್ ಬ್ರೇಕನ್ನು ಎರಡು ಮೂರು ಹಲ್ಲಿನಷ್ಟು ಎಳೆದು ನಿಧಾನವಾಗಿ ಆಕ್ಸಿಲರೇಟರ್ ಒತ್ತಿದರೆ, ತಿರುಗುವ ಗಾಲಿಗೆ ತಡೆಯುಂಟಾಗಿ, ನೆಲ ಕಚ್ಚಿದ ಗಾಲಿಗೂ ಸ್ವಲ್ಪ ಬಲ ಹರಿಯುತ್ತದೆ. ಎಲ್ಲ ಸಲವೂ ಫಲಿಸದು, ಆದರೂ ಕೆಳಗಿಳಿದು ಸಲಿಕೆ ಹಿಡಿಯುವ ಮೊದಲು ಮಾಡಿ ನೋಡಬೇಕಾದದ್ದು.

ಪ್ರಶ್ನೆ: ಹಳೆಯ ಟಾಟಾ ಸಫಾರಿ 2.2 ಡೈಕಾರ್ ಫೋರ್ ಬೈ ಫೋರ್ (ನಾಲ್ಕು ಗಾಲಿ ಎಳೆತದ) ಗಾಡಿಯೊಂದು ಮಾರಾಟಕ್ಕಿದೆ. ಓಡಿಸಿ ನೋಡುವಾಗ 4ಎಚ್‌ನಲ್ಲಿ (ನಾಲ್ಕೂ ಗಾಲಿಗೆ ಎಳೆತ, ಮಾಮೂಲಿ ವೇಗ) ಹಾಕಿ ಡಾಂಬರು ರಸ್ತೆಯಲ್ಲಿ ತಿರುಗಿಸಿದರೆ ಸ್ಟೀರಿಂಗು ಬಿಗಿಯಾಯಿತು, ಗಾಡಿ ಜಗ್ಗಿದಂತಾಯಿತು. ಇದು ದೋಷವೇ?
– ಸಿಂಧನೂರಿನ ಓದುಗರು

ಉತ್ತರ: ದೋಷವಲ್ಲ, ಆ ವ್ಯವಸ್ಥೆಯ ಗುಣ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳಬೇಕು. 4ಎಚ್‌ನಲ್ಲಿ ಟ್ರಾನ್ಸ್‌ಫರ್ ಕೇಸು (ಮುಂದಿನ, ಹಿಂದಿನ ಗಾಲಿಗಳಿಗೆ ಬಲ ಹಂಚುವ ಗೇರಿನ ಪೆಟ್ಟಿಗೆ) ಎರಡನ್ನೂ ಒಂದೇ ವೇಗಕ್ಕೆ ಕಟ್ಟಿಹಾಕುತ್ತದೆ. ಮಣ್ಣಿನಲ್ಲಾದರೆ ಟೈರು ಜಾರಿ ಆ ವ್ಯತ್ಯಾಸ ಕರಗುತ್ತದೆ, ಒಣ ಡಾಂಬರಿನಲ್ಲಿ ಜಾರಲಾಗದೆ ಶಾಫ್ಟುಗಳೇ ತಿರುಚಿಕೊಳ್ಳುತ್ತವೆ. ಹಾಗೆ ಮತ್ತೆ ಓಡಿಸಬೇಡಿ. ಬದಲಿಗೆ ಮಸಾರಿ ನೆಲಕ್ಕೆ ಒಯ್ದು 4ಎಚ್ ಮತ್ತು 4ಎಲ್ (ನಿಧಾನ ವೇಗ, ಹೆಚ್ಚು ಬಲ) ಎರಡೂ ಕೂಡುತ್ತವೆಯೇ, ಬಿಡುತ್ತವೆಯೇ ಎಂದು ಪರೀಕ್ಷಿಸಿ. ಈ ಮಾದರಿಯಲ್ಲಿ ಗುಂಡಿ ತಿರುಗಿಸಿದರೆ ಕೆಲಸ ಮಾಡುವುದು ಒಂದು ವಿದ್ಯುತ್ ಮೋಟಾರು. ವರ್ಷಗಟ್ಟಲೆ ಬಳಸದ ಗಾಡಿಯಲ್ಲಿ ಅದು ಹಿಡಿದುಕೊಂಡಿರಬಹುದು, ದೀಪ ಹೊತ್ತಿದ ಮಾತ್ರಕ್ಕೆ ಮುಂದಿನ ಗಾಲಿಗೆ ಎಳೆತ ಬಂದಿದೆಯೆಂದು ನಂಬಬೇಡಿ. 4ಎಲ್‌ಗೆ ಹೋಗಲು ಗಾಡಿ ನಿಂತಿರಬೇಕು, ಕ್ಲಚ್ ಒತ್ತಿರಬೇಕು. ಹೌಸಿಂಗು, ಟ್ರಾನ್ಸ್‌ಫರ್ ಕೇಸುಗಳ ಆಯಿಲ್ಲನ್ನು ಸ್ವಲ್ಪ ಇಳಿಸಿ ನೋಡಿ: ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ. ಇವೆಲ್ಲ ಸರಿಯಿದ್ದರೆ, ಲಿಫ್ಟ್ ಮಾಡಿಸಿದ ಎರಡು ಗಾಲಿ ಎಳೆತದ ಗಾಡಿಗಿಂತ ಏನೂ ಮಾಡಿಸದ ಈ ಸಫಾರಿಯೇ ಮೇಲು.

ಪ್ರಶ್ನೆ: ಸಂಡೂರು–ದೋಣಿಮಲೆ ಕಡೆಯ ಕೆಂಪು ಧೂಳಿನ ದಾರಿಯಲ್ಲಿ ಏರು ಹತ್ತುವಾಗ ಎಂಜಿನ್ ಕಾವು ಏರುತ್ತದೆ. ದೊಡ್ಡ ರೇಡಿಯೇಟರು ಹಾಕಿಸಬೇಕೆ?
– ತೋರಣಗಲ್ಲಿನ ಓದುಗರು

ಉತ್ತರ: ಬೇಕಾಗಿಲ್ಲ. ಇದ್ದುದನ್ನು ಮೊದಲು ತೊಳೆಯಿರಿ. ಅದಿರಿನ ಧೂಳು ಎ.ಸಿ. ಕಂಡೆನ್ಸರು ಮತ್ತು ರೇಡಿಯೇಟರಿನ ನಡುವೆ ಪದರವಾಗಿ ಕೂರುತ್ತದೆ. ನೀರನ್ನು ಎಂಜಿನ್ನಿನ ಕಡೆಯಿಂದ ಮುಂದಕ್ಕೆ, ಕಡಿಮೆ ಒತ್ತಡದಲ್ಲಿ ಬಿಡಬೇಕು. ರೇಡಿಯೇಟರಿನ ಮುಚ್ಚಳ ಒತ್ತಡ ಹಿಡಿಯುತ್ತದೆಯೇ, ಫ್ಯಾನಿನ ಕ್ಲಚ್ಚು ಕಾವೇರಿದಾಗ ಬಿಗಿಯಾಗುತ್ತದೆಯೇ ನೋಡಿಸಿ. ಬರೀ ನೀರು ತುಂಬಿಸಿದ್ದರೆ ಖಾಲಿ ಮಾಡಿಸಿ ಕೂಲೆಂಟ್ ಹಾಕಿಸಿ. ಏಪ್ರಿಲ್–ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಇದು ಐಷಾರಾಮವಲ್ಲ. ಕಾಗದದ ಏರ್ ಫಿಲ್ಟರನ್ನು ಒಳಗಿನಿಂದ ಹೊರಕ್ಕೆ ಗಾಳಿ ಊದಿ ಸ್ವಚ್ಛಗೊಳಿಸಬೇಕು, ತೊಳೆಯಬಾರದು. ಕೈಪಿಡಿ ಹೇಳಿದ ಅಂತರಕ್ಕಿಂತ ಬೇಗನೆ ಬದಲಿಸಬೇಕು. ಅದಿರು ಲಾರಿಯ ಬೆನ್ನಿಗೆ ಅಂಟಿಕೊಂಡು ಹೋಗದಿದ್ದರೆ ಫಿಲ್ಟರಿನ ಆಯುಷ್ಯ ತಾನಾಗಿ ಹೆಚ್ಚುತ್ತದೆ.

ಪ್ರಶ್ನೆ: ಎರೆ ಹೊಲದಲ್ಲಿ ಹೂತ ಗಾಡಿಯನ್ನು ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆಸಿದೆವು. ಬಂಪರು ಕಿತ್ತು ಬಂತು. ಸರಿಯಾದ ಕ್ರಮ ಯಾವುದು? ಏನೇನು ಜೊತೆಗಿರಬೇಕು?
– ಸಿರುಗುಪ್ಪದ ಓದುಗರು

ಉತ್ತರ: ಬಂಪರು ಹೋದದ್ದು ಅಗ್ಗದಲ್ಲಿ ಮುಗಿದ ಪ್ರಕರಣ, ಸರಪಳಿಯೇ ಹರಿದು ಹಾರಿದ್ದರೆ ಅದರ ದಾರಿಯಲ್ಲಿದ್ದವರು ಬದುಕುವುದು ಕಷ್ಟ. ಎಳೆಯುವ ಕೊಂಡಿ ಚಾಸಿಗೇ ಬೋಲ್ಟಾಗಿರಬೇಕು. ಬಂಪರು, ಸ್ಟೀರಿಂಗಿನ ರಾಡು ಯಾವುದಕ್ಕೂ ಕಟ್ಟಬಾರದು. ಕೊಂಡಿ ಇಲ್ಲದಿದ್ದರೆ ತಯಾರಕರದೇ ಭಾಗ ತರಿಸಿ ಮುಂದೊಂದು ಹಿಂದೊಂದು ಹಾಕಿಸಿ. ನೈಲಾನಿನ ರಿಕವರಿ ಪಟ್ಟಿಯೊಂದು ಕೊಳ್ಳಿ, ತುಂಬಿದ ಗಾಡಿಯ ತೂಕದ ಎರಡರಿಂದ ಮೂರು ಪಟ್ಟು ಭಾರಕ್ಕೆ ಹರಿಯದಂಥದ್ದು. ಜೊತೆಗೆ 4.75 ಟನ್ ಎಂದು ಮೈಮೇಲೆ ಅಚ್ಚೊತ್ತಿದ, ಪಟ್ಟಿಯನ್ನು ಕೊಂಡಿಗೆ ಜೋಡಿಸುವ ಎರಡು ಶ್ಯಾಕಲ್‌ಗಳು, ಒಂದು ಸಲಿಕೆ, ಜಾಕಿನ ಕೆಳಗಿಡಲು ದಪ್ಪ ಹಲಗೆ. ಅಚ್ಚಿಲ್ಲದ ಶ್ಯಾಕಲ್ ಎಷ್ಟೇ ದಪ್ಪವಿದ್ದರೂ ಬೇಡ.

ಎಳೆಯುವ ಮೊದಲು ಅಗೆಯಬೇಕು. ಎರೆಮಣ್ಣು ಗಾಲಿಯನ್ನೂ ಹೌಸಿಂಗನ್ನೂ ಹೀರಿಕೊಂಡು ಹಿಡಿದಿರುತ್ತದೆ. ಎಳೆಯುವ ಕಡೆಗೆ ನಾಲ್ಕೂ ಗಾಲಿಗಳಿಗೆ ಅಡ್ಡವಿರುವ ಮಣ್ಣು ತೆಗೆದು, ಹೊಟ್ಟೆಯಡಿ ಗಾಳಿಯಾಡುವಂತೆ ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಗಾಡಿ ಯಾವ ಕಡೆಯಿಂದ ಒಳಹೋಯಿತೋ ಆ ಕಡೆಗೇ ಎಳೆಯಿರಿ, ಅಲ್ಲಿ ಗಟ್ಟಿ ನೆಲವಿರುವುದು ನಿಮಗೆ ಗೊತ್ತೇ ಇದೆ. ಟ್ರ್ಯಾಕ್ಟರಾದರೆ ಕೆಳ ಗೇರಿನಲ್ಲಿ, ಪಟ್ಟಿ ಬಿಗಿಯಾದ ಮೇಲೆ ನಿಧಾನವಾಗಿ ಜಗ್ಗಬೇಕು. ಓಡಿ ಬಂದು ಜಗ್ಗುವ ಚಾಳಿ ಟ್ರ್ಯಾಕ್ಟರಿನ ತೂಕಕ್ಕೆ ಸಲ್ಲದು. ಪಟ್ಟಿಯ ನಡುವೆ ಒಂದು ಹಸಿ ಗೋಣಿಚೀಲ ಹೊದಿಸಿರಿ, ಹರಿದರೆ ಅದು ಮೇಲಕ್ಕೆ ಚಿಮ್ಮುವುದು ತಗ್ಗುತ್ತದೆ. ನೋಡಲು ನೆರೆದವರನ್ನು ಪಟ್ಟಿಯ ಉದ್ದದ ಒಂದೂವರೆ ಪಟ್ಟು ದೂರಕ್ಕೆ ಕಳಿಸಿರಿ. ನಮ್ಮ ಕಡೆ ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ.

ಪ್ರಶ್ನೆ: ಹೊಸಬರು ಎಲ್ಲಿ ಅಭ್ಯಾಸ ಮಾಡಬಹುದು? ಗುಡ್ಡದ ದಾರಿಗಳಿಗೆ ಅನುಮತಿ ಬೇಕೆ?
– ಕೊಪ್ಪಳದ ಓದುಗರು

ಉತ್ತರ: ಗುಡ್ಡವೆಂದರೆ ಯಾರದೂ ಅಲ್ಲದ ಜಾಗವೆಂಬ ಭಾವನೆ ನಮ್ಮಲ್ಲಿದೆ. ಸಂಡೂರಿನ ಬೆಟ್ಟಗಳಲ್ಲಿ ಬಹುಪಾಲು ಕಾಯ್ದಿಟ್ಟ ಅರಣ್ಯ ಅಥವಾ ಗಣಿ ಪ್ರದೇಶ. ದರೋಜಿಯಲ್ಲಿ ಕರಡಿಧಾಮವಿದೆ, ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳ ವನ್ಯಧಾಮವಿದೆ, ಆನೆಗೊಂದಿಯ ಸುತ್ತಮುತ್ತ ಸಂರಕ್ಷಿತ ಸ್ಮಾರಕಗಳಿವೆ. ಇಲ್ಲೆಲ್ಲ ಅನುಮತಿಯಿಲ್ಲದೆ ದಾರಿ ಬಿಟ್ಟು ಗಾಡಿ ಇಳಿಸುವುದು ಅಪರಾಧ. ನದಿಯ ಪಾತ್ರಕ್ಕೂ ಇಳಿಯಬೇಡಿ. ಅಭ್ಯಾಸಕ್ಕೆ ಬೇಕಾಗುವುದು ಪರಿಚಿತರ ಒಂದೆರಡು ಎಕರೆ ಬೀಳು ಮಸಾರಿ ಭೂಮಿ, ಅದರಲ್ಲೊಂದು ದಿಣ್ಣೆ, ಒಂದು ಕೊರಕಲು. ಒಂದನೇ ಗೇರಿನಲ್ಲಿ ಆಕ್ಸಿಲರೇಟರ್ ಮುಟ್ಟದೆ ಏರಿ ಇಳಿಯುವುದು, ಏರಿನಲ್ಲಿ ಎಂಜಿನ್ ನಿಂತರೆ ಗಾಡಿ ತಿರುಗಿಸದೆ ರಿವರ್ಸ್ ಗೇರಿನಲ್ಲಿ ನೇರವಾಗಿ ಇಳಿಯುವುದು, ಕೊರಕಲನ್ನು ಓರೆಯಾಗಿ ದಾಟಿ ಗಾಲಿ ಯಾವಾಗ ಮೇಲೇಳುತ್ತದೆಂದು ತಿಳಿಯುವುದು – ಈ ಮೂರು ಕೈಗೆ ಬರುವವರೆಗೆ ಬೇರೆ ದಾರಿ ಬೇಡ. ಹೊಲದವರ ಬದು ಒಡೆಯಬೇಡಿ, ಡ್ರಿಪ್ ಪೈಪು ಎಲ್ಲಿ ಹಾದಿದೆಯೆಂದು ಮೊದಲೇ ಕೇಳಿಕೊಳ್ಳಿ. ನಿಮ್ಮ ಮನಸ್ಸಿನಲ್ಲಿರುವ ದಾರಿ ಅರಣ್ಯದ ಸರ್ವೆ ನಂಬರಿಗೆ ಸೇರಿದೆಯೇ ಎಂಬ ಅನುಮಾನವಿದ್ದರೆ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ, ಅನುಮತಿ ಕೊಟ್ಟರೆ ಬರಹದಲ್ಲಿಯೇ ಪಡೆಯಿರಿ.