‘ತಪ್ಪು ನನ್ನದಲ್ಲ’ ಎಂದ ದೊರೆ ತೆತ್ತ ದಂಡ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಹೋಮರನ ಗ್ರೀಕ್ ಮಹಾಕಾವ್ಯ ‘ಇಲಿಯಡ್’ ಕುರಿತ ಲೇಖನ ಓದಿ ನೀವು ಸಿಟ್ಟಾಗಿದ್ದೀರಿ. ಮಹಾವೀರ ಅಖಿಲೀಸನ ಪಾಲಿಗೆ ಬಂದಿದ್ದ ಯುದ್ಧದ ಸೆರೆಯಾಳು ಬ್ರೈಸೀಸಳನ್ನು ಕಿತ್ತುಕೊಂಡು ಅವನ ಜತೆ ಜಗಳ ತೆಗೆದ ಗ್ರೀಕ್ ಪಡೆಯ ದೊರೆ ಅಗಮೆಮ್ನಾನ್, ಅಖಿಲೀಸ್ ಮುನಿದು ಯುದ್ಧ ಬಿಟ್ಟು ಅಷ್ಟೊಂದು ಹೆಣ ಉರುಳಿದ ಮೇಲೆ, ‘ಕಾರಣ ನಾನಲ್ಲ, ದೇವರಾಜ ಜ್ಯೂಸ್, ವಿಧಿ’ ಎನ್ನುತ್ತಾನಲ್ಲ, ಇದೆಂಥ ನುಣುಚಾಟ ಎಂಬುದು ನಿಮ್ಮ ಪ್ರಶ್ನೆ.

ನುಣುಚಾಟವೇ ಸರಿ. ಆದರೆ ಅದೇ 19ನೆಯ ಸರ್ಗದಲ್ಲಿ, ಅದೇ ಉಸಿರಿನಲ್ಲಿ, ‘ಮತಿಗೆಟ್ಟದ್ದು ನಿಜ, ದಂಡ ತೆರುತ್ತೇನೆ’ ಎಂದೂ ಅನ್ನುತ್ತಾನೆ. ತೆರುತ್ತಾನೆ ಕೂಡ. 7 ಮುಕ್ಕಾಲಿ, 20 ಕೊಪ್ಪರಿಗೆ, 12 ಕುದುರೆ, 10 ತಲಾಂತು (ಹಳೆಯ ಕಾಲದ ತೂಕ) ಚಿನ್ನ, 7 ಮಂದಿ ಹೆಂಗಸರು, ಎಂಟನೆಯವಳಾಗಿ ಬ್ರೈಸೀಸ್, ಎಲ್ಲವನ್ನೂ ತಂದು ಸಭೆಯ ಮುಂದಿಡುತ್ತಾರೆ. (ಹೆಂಗಸರನ್ನು ಕೊಪ್ಪರಿಗೆಗಳ ಸಾಲಿನಲ್ಲೇ ಎಣಿಸುವ ಈ ಜಾಗ ಪ್ರತಿ ಸಲವೂ ನನಗೆ ಚುಚ್ಚುತ್ತದೆ.) ದೇವರು ಮತಿ ಕೆಡಿಸಿದ್ದರೂ ನಷ್ಟ ತುಂಬುವ ಹೊಣೆ ಕೆಡಿಸಿಕೊಂಡವನದೇ, ಆ ಲೋಕದ ಲೆಕ್ಕ ಹಾಗಿದೆ.

ಅಲ್ಲಿ ಅಗಮೆಮ್ನಾನ್ ಹೇಳುವ ಕಥೆಯಂತೂ ಸೊಗಸು. ಮತಿ ಮಂಕು ಮಾಡುವ ಆಟೆ ಎಂಬ ದೇವತೆಯ ಪಾದ ಮೃದು. ಅವಳು ನೆಲ ಮುಟ್ಟುವುದಿಲ್ಲ, ಜನರ ತಲೆಯ ಮೇಲೆ ನಡೆಯುತ್ತಾಳೆ. ಅವಳಿಂದಾಗಿ ಹೆಂಡತಿ ಹೆರಾಳೆದುರು ಮೋಸಹೋದ ಜ್ಯೂಸ್, ಸಿಟ್ಟಿನಿಂದ ಅವಳ ಕೂದಲು ಹಿಡಿದು ಸ್ವರ್ಗದಿಂದ ಕೆಳಗೆಸೆದನಂತೆ. ಅವನೇ ಮುಗ್ಗರಿಸಿದ ಮೇಲೆ ನನ್ನದೇನು ಮಹಾ ಎಂಬ ಧಾಟಿ.

ನಿಮ್ಮ ಪರ ವಾದಿಸುವವನು ಹೋಮರನ ಇನ್ನೊಂದು ಕಾವ್ಯ ‘ಒಡಿಸ್ಸಿ’ಯ ಆರಂಭದಲ್ಲೇ ಸಿಗುತ್ತಾನೆ, ಅದೂ ಸ್ವತಃ ಜ್ಯೂಸ್. ಮನುಷ್ಯರು ಎಲ್ಲಕ್ಕೂ ನಮ್ಮನ್ನೇ ದೂರುತ್ತಾರೆ, ಕೊಲೆ ಬೇಡವೆಂದು ದೇವದೂತ ಹರ್ಮಿಸನನ್ನು ಕಳಿಸಿ ಎಚ್ಚರಿಸಿದರೂ ಎಜಿಸ್ಥಸ್ ಕೇಳಲಿಲ್ಲ ಎಂದು ಅವನ ಗೊಣಗಾಟ. ಆ ಎಜಿಸ್ಥಸ್ ಕೊಂದದ್ದು ಯಾರನ್ನು? ಇದೇ ಅಗಮೆಮ್ನಾನನನ್ನು!

ನನ್ನನ್ನು ಕಾಡುವುದು ಮಾತ್ರ ಅದೇ ಗ್ರೀಕ್ ಪಡೆಯಲ್ಲಿದ್ದ ಥರ್ಸೈಟಿಸ್. ‘ಇಲಿಯಡ್’ನ ಮೊದಲ ಸರ್ಗದಲ್ಲಿ ಅಖಿಲೀಸ್ ದೊರೆಯನ್ನು ಕುಡುಕ, ನಾಯಿಗಣ್ಣಿನವ, ಜಿಂಕೆಯೆದೆಯವ ಎಂದು ಬೈಯುತ್ತಾನೆ. ಕತ್ತಿ ಹಿರಿಯಬೇಡ, ಬೇಕಾದರೆ ಬಾಯಲ್ಲಿ ಬಯ್ಯಿ ಎಂದು ದೇವತೆ ಅಥೀನಾಳೇ ಅವನಿಗೆ ಹೇಳಿರುತ್ತಾಳೆ. ಎರಡನೆಯ ಸರ್ಗದಲ್ಲಿ ಥರ್ಸೈಟಿಸ್ ಹೇಳುವುದೂ ಹೆಚ್ಚುಕಡಿಮೆ ಅದನ್ನೇ: ನಿನ್ನ ಡೇರೆ ತುಂಬ ಕಂಚು, ಹೆಂಗಸರು, ಇನ್ನೂ ಏನು ಬೇಕು? ಗ್ರೀಕ್ ನಾಯಕರಲ್ಲೊಬ್ಬನಾದ ಒಡಿಸ್ಯೂಸ್ ರಾಜದಂಡದಿಂದ ಅವನ ಬೆನ್ನಿಗೆ ಬಾರಿಸುತ್ತಾನೆ. ಆ ದಂಡ ಅಗಮೆಮ್ನಾನನದೇ. ಬಾಸುಂಡೆ ಏಳುತ್ತದೆ. ಥರ್ಸೈಟಿಸ್ ಕೂತು, ಪೆಚ್ಚುಮೋರೆಯಲ್ಲಿ ಕಣ್ಣೀರು ಒರೆಸಿಕೊಳ್ಳುತ್ತಾನೆ. ಒಡಿಸ್ಯೂಸ್ ಈವರೆಗೆ ಮಾಡಿದ್ದರಲ್ಲೆಲ್ಲ ಇದೇ ಒಳ್ಳೆಯ ಕೆಲಸ ಎಂದು ಸೈನಿಕರು ನಗುತ್ತಾರೆ.

— ಸಂಪಾದಕ